ಪ್ರೋಗ್ರಾಂ ಏಳುವುದೇ ತಡವಾದರೆ

ಇಂಡಿ ಊರಿನ ಓದುಗರೇ,

ಲಿಂಬೆ ಅಡತ ಅಂಗಡಿಯ ಲೆಕ್ಕಕ್ಕೆ ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ ತೆರೆದುಕೊಳ್ಳಲು ತಡವಾಗುತ್ತದೆ, ಹೊಸ ಕಂಪ್ಯೂಟರ್ ಕೊಳ್ಳಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಅಳೆಯಿರಿ. ಪೈಥಾನ್ 3.7ರಿಂದ ಈಚೆಗೆ ಇದಕ್ಕೆ ಸೌಲಭ್ಯ ಒಳಗೇ ಇದೆ. ಓಡಿಸುವಾಗ ಪೈಥಾನ್ ಪದದ ನಂತರ ಒಂದು ಹೈಫನ್, ದೊಡ್ಡಕ್ಷರದ ಎಕ್ಸ್, ಆಮೇಲೆ ಇಂಪೋರ್ಟ್‌ಟೈಮ್ ಎಂದು ಸೇರಿಸಿ. ಪ್ರತಿ ಮಾಡ್ಯೂಲಿಗೂ ಎರಡು ಸಂಖ್ಯೆ ಬರುತ್ತವೆ: ಅದರದೇ ವೇಳೆ, ಮತ್ತು ಅದು ಎಳೆದುತಂದ ಬಳಗವೂ ಸೇರಿದ ಒಟ್ಟು ವೇಳೆ. ಲೆಕ್ಕ ಮೈಕ್ರೊಸೆಕೆಂಡಿನಲ್ಲಿ, ಹತ್ತು ಲಕ್ಷಕ್ಕೆ ಒಂದು ಸೆಕೆಂಡು. ಎರಡು ಸಲ ಓಡಿಸಿ, ಮೊದಲ ಸಲ ಸಾಮಾನ್ಯವಾಗಿ ಹೆಚ್ಚೇ ಹಿಡಿಯುತ್ತದೆ.

ನನ್ನ ಸಂಶಯ ಪಾಂಡಾಸ್ ಲೈಬ್ರರಿಯ ಮೇಲೆ. ಅದರ ಬೆನ್ನಿಗೆ ನಂಪೈ ಬರುತ್ತದೆ, ಜೊತೆಗೆ ನೂರಾರು ಸಣ್ಣ ಕಡತಗಳು. ಹಳೆಯ ಹಾರ್ಡ್ ಡಿಸ್ಕ್ ಒಂದೊಂದನ್ನೂ ಹುಡುಕಿ ತೆರೆಯಬೇಕು. ನಿಮ್ಮ ಕೆಲಸವೋ ಒಂದು ಸಿಎಸ್‌ವಿ ಓದಿ ಚೀಲಗಳ ಮೊತ್ತ ಕೂಡಿಸುವುದು. ಇದು ಒಂದು ಲಿಂಬೆಹಣ್ಣು ತರಲು ಲಾರಿ ಕಳಿಸಿದಂತೆ. ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್ ಸಾಕು.

ಗ್ರಾಫ್ ಬೇಕೇ ಬೇಕೆಂದರೆ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಯ ಇಂಪೋರ್ಟನ್ನು ಕಡತದ ತಲೆಯಿಂದ ಕಿತ್ತು, ಗ್ರಾಫ್ ಬರೆಯುವ ಫಂಕ್ಷನ್ನಿನೊಳಗೆ ಇಡಿ. ಗ್ರಾಫ್ ಕೇಳದ ದಿನ ಆ ವೇಳೆ ಪೂರ್ತಿ ಉಳಿಯುತ್ತದೆ. ಶೈಲಿಯ ಪಂಡಿತರು ಮುಖ ಸಿಂಡರಿಸಿದರೆ ಸಿಂಡರಿಸಲಿ! ಇದೇ ಅನುಕೂಲವನ್ನು ಭಾಷೆಯಲ್ಲೇ ಕೊಡುವ ‘ಲೇಜಿ’ ಇಂಪೋರ್ಟಿನ ಪ್ರಸ್ತಾಪ, ಪಿಇಪಿ 810, 2025ರಲ್ಲಿ ಒಪ್ಪಿಗೆ ಪಡೆದಿದೆ. ಒಂದು ತೊಡಕುಂಟು: ಲೈಬ್ರರಿ ಇಲ್ಲದಿದ್ದರೆ ಆ ದೋಷ ಆರಂಭದಲ್ಲಲ್ಲ, ಗ್ರಾಫ್ ಒತ್ತಿದಾಗಲೇ ಕಾಣುತ್ತದೆ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓದುಗರೂ ಇಂಥ ಪ್ರಶ್ನೆ ಕಳಿಸುವುದಾದರೆ ಇಂಪೋರ್ಟ್‌ಟೈಮ್ ಕೊಟ್ಟ ಪಟ್ಟಿಯನ್ನು ದಯವಿಟ್ಟು ಜೊತೆಗಿಡಿ.