ಎಲೆಯ ಸಾರದಿಂದ ಬೊಜ್ಜು ಕರಗುತ್ತದೆಯೇ?



ತೂಕ ಇಳಿಸುವ ಎಲೆಪುಡಿ ಮತ್ತು ಮಾತ್ರೆಗಳ ಜಾಹೀರಾತುಗಳನ್ನು ನಾವು ಮೊಬೈಲಿನಲ್ಲಿ ದಿನವೂ ನೋಡುತ್ತೇವೆ. ಇವುಗಳ ಹಿಂದೆ ವಿಜ್ಞಾನ ಎಷ್ಟಿದೆ ಎಂದು ತಿಳಿಯಲು ನಾನು ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬೊಜ್ಜು ಎಂದರೇನು?

ದೇಹ ಖರ್ಚು ಮಾಡುವುದಕ್ಕಿಂತ ಹೆಚ್ಚು ಶಕ್ತಿ ಆಹಾರದಿಂದ ಬಂದರೆ, ಉಳಿದದ್ದು ಕೊಬ್ಬಾಗಿ ಸಂಗ್ರಹವಾಗುತ್ತದೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಲ್ಲಿ ಇದು 30 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೊಜ್ಜು. ನಮ್ಮ ವಯಸ್ಸಿನವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಪಟ್ಟಿಯನ್ನು ನೋಡಬೇಕು.

ಎಲೆ ಹೇಗೆ ಕೆಲಸ ಮಾಡಬಹುದು?

ಜೀರ್ಣಕ್ರಿಯೆಯ ಪಾಠದಲ್ಲಿ ನಾವು ಓದಿದ ಲೈಪೇಸ್ ಕಿಣ್ವ ಕೊಬ್ಬನ್ನು ಒಡೆಯುತ್ತದೆ. ಒಡೆಯದ ಕೊಬ್ಬು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಆರ್ಲಿಸ್ಟ್ಯಾಟ್ ಎಂಬ ಔಷಧಿ ಈ ಕಿಣ್ವವನ್ನು ತಡೆದು, ಆಹಾರದ ಸುಮಾರು 30 ಶೇಕಡಾ ಕೊಬ್ಬು ಹೀರಲ್ಪಡದಂತೆ ಮಾಡುತ್ತದೆ. ಇದೇ ಗುಣವನ್ನು ವಿಜ್ಞಾನಿಗಳು ಎಲೆಗಳಲ್ಲಿಯೂ ಹುಡುಕುತ್ತಿದ್ದಾರೆ. ಮಧುನಾಶಿನಿಯ ದಾರಿ ಬೇರೆ. ಅದರ ಎಲೆಯನ್ನು ಅಗಿದ ಮೇಲೆ ಸಕ್ಕರೆ ತಿಂದರೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯುವುದಿಲ್ಲ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನು ತಡೆಯುತ್ತವೆ.

ಕರಿಬೇವಿನ ಪಾಠ

ಉಮ್ಮ ಒಗ್ಗರಣೆಗೆ ಹಾಕುವ ಕರಿಬೇವಿನಲ್ಲಿ ಮಹಾನಿಂಬೈನ್ ಎಂಬ ಆಲ್ಕಲಾಯ್ಡ್ ಇದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಚ್ಚು ಕೊಬ್ಬಿನ ಆಹಾರ ತಿಂದ ಇಲಿಗಳಿಗೆ ಈ ಎಲೆಯ ಸಾರ ಕೊಟ್ಟಾಗ ಅವುಗಳ ತೂಕ ಏರುವುದು ಕಡಿಮೆಯಾಯಿತು. ಕೊಲೆಸ್ಟ್ರಾಲ್ ಕೂಡ ಇಳಿಯಿತು. ಹಾಗಾದರೆ ನಾವು ಕರಿಬೇವಿನ ಕಷಾಯ ಕುಡಿದರೆ ಸಾಕೇ? ಇಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು.

1. ಸಾರವೇ ಬೇರೆ, ಕಷಾಯವೇ ಬೇರೆ. ಆ ಸಾರವನ್ನು ತೆಗೆದದ್ದು ಡೈಕ್ಲೋರೋಮೀಥೇನ್, ಈಥೈಲ್ ಅಸಿಟೇಟ್‌ನಂತಹ ದ್ರಾವಕಗಳಿಂದ. ಮಹಾನಿಂಬೈನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ.

2. ಪ್ರಮಾಣ. ಇಲಿಗಳಿಗೆ ಕೊಟ್ಟದ್ದು ಕಿಲೋ ತೂಕಕ್ಕೆ ದಿನಕ್ಕೆ 300 ಮಿಲಿಗ್ರಾಂ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಅಂದಾಜಿಸಲು 6.2ರಿಂದ ಭಾಗಿಸುವುದು ರೂಢಿ. 60 ಕಿಲೋ ತೂಕದವರಿಗೆ ಇದು ದಿನಕ್ಕೆ ಸುಮಾರು 2.9 ಗ್ರಾಂ ಆಗುತ್ತದೆ. ಅದು ಎಲೆಯಲ್ಲ, ಗಟ್ಟಿ ಸಾರ! ಒಗ್ಗರಣೆಯ ನಾಲ್ಕು ಎಲೆ ಎಲ್ಲಿ, ಇದು ಎಲ್ಲಿ?

3. ಇಲಿ ಮನುಷ್ಯನಲ್ಲ. ಮನುಷ್ಯರ ಮೇಲೆ ಹಂತಹಂತವಾಗಿ ಪ್ರಯೋಗ ನಡೆದು, ಪರಿಣಾಮ ಮತ್ತು ಸುರಕ್ಷತೆ ಎರಡೂ ಸಾಬೀತಾದ ಮೇಲಷ್ಟೇ ಒಂದು ವಸ್ತು ಔಷಧಿ ಎನಿಸಿಕೊಳ್ಳುತ್ತದೆ.

ಸಸ್ಯದಿಂದ ಬಂದದ್ದೆಲ್ಲ ನಿರಪಾಯವೇ?

ಹಸಿರು ಚಹಾ ಕುಡಿಯುವುದು ಸಾಮಾನ್ಯವಾಗಿ ಸುರಕ್ಷಿತ. ಆದರೆ ಅದರ ಸಾರದ ಮಾತ್ರೆಗಳಿಂದ ಕೆಲವರ ಯಕೃತ್ತಿಗೆ ಹಾನಿಯಾಗಿದೆ. ಇದರಲ್ಲಿರುವ ಇಜಿಸಿಜಿ ಎಂಬ ಅಂಶವನ್ನು ಪೂರಕ ಮಾತ್ರೆಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸುವುದು ಆರೋಗ್ಯಕ್ಕೆ ಆತಂಕಕಾರಿ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಮಧುನಾಶಿನಿ ರಕ್ತದ ಸಕ್ಕರೆಯನ್ನು ಇಳಿಸಬಲ್ಲದು. ಆದ್ದರಿಂದ ಮಧುಮೇಹದ ಮಾತ್ರೆ ನುಂಗುವ ಹಿರಿಯರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು.

ಎಲೆಗಳಲ್ಲಿ ನಾಳಿನ ಔಷಧಿ ಅಡಗಿರಬಹುದು. ಅದನ್ನು ಹುಡುಕುವವರು ನಮ್ಮ ಕಾಲೇಜಿನಿಂದಲೂ ಹೋಗಲಿ ಎಂಬುದು ನನ್ನ ಆಸೆ. ಅಲ್ಲಿಯವರೆಗೆ ಕರಿಬೇವನ್ನು ತಟ್ಟೆಯ ಅಂಚಿಗೆ ತಳ್ಳದೆ ತಿನ್ನೋಣ, ಸಂಜೆ ಮೈದಾನಕ್ಕೆ ಇಳಿಯೋಣ. ತೂಕದ ಚಿಂತೆ ಕಾಡಿದರೆ ಜಾಹೀರಾತಿನ ಮೊರೆ ಹೋಗದೆ ವೈದ್ಯರನ್ನು ಕಾಣೋಣ.