ಮೀನಿಗೂ ಒಂದು ಡೇಟಾಶೀಟ್: ಸಮುದ್ರದ ಅಕ್ವೇರಿಯಂ ಇಡುವವರಿಗೆ

ಎಸ್.ಪಿ. ರೋಡಿಗೆ ಹೋಗಿ ಒಂದು 7805 ರೆಗ್ಯುಲೇಟರ್ ತರೋಕೆ ಮುಂಚೆ ನಾವು ಅದರ ಡೇಟಾಶೀಟ್ ತೆರೆದು ನೋಡ್ತೀವಿ. ಇನ್‌ಪುಟ್ 35 ವೋಲ್ಟ್ ದಾಟಬಾರದು, ಯಾವ ಕಾಲು ಗ್ರೌಂಡ್, ಹೀಟ್‌ಸಿಂಕ್ ಬೇಕಾ ಬೇಡವಾ ಅಂತ ತಿಳಿಯದೆ ಬ್ರೆಡ್‌ಬೋರ್ಡಿಗೆ ಚುಚ್ಚಿದರೆ ಲ್ಯಾಬಿನಲ್ಲಿ ಬೈಗುಳ ಖಾಯಂ. ಅದೇ ನಾವು ಅಕ್ವೇರಿಯಂ ಅಂಗಡಿಗೆ ಹೋಗಿ ಗಾಜಿನ ಹಿಂದೆ ನೀಲಿ ಮೀನೊಂದು ಸುಳಿದಾಡಿದ್ದು ಕಂಡರೆ "ಎಷ್ಟು ಅಣ್ಣಾ?" ಅನ್ನೋದು ಬಿಟ್ಟು ಬೇರೆ ಪ್ರಶ್ನೆ ಬಾಯಿಗೆ ಬರೋದಿಲ್ಲ.

ನೀರಿನ ಪಿಎಚ್, ಉಷ್ಣಾಂಶ ಅಳೆದು ಲೈಟು, ಪಂಪು ನಡೆಸುವ ಆರ್ಡುಯಿನೋ ಪ್ರಾಜೆಕ್ಟು ಕ್ಯಾಂಪಸ್ಸಿನಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತೆ. ಸೆನ್ಸರ್ ಕ್ಯಾಲಿಬ್ರೇಟ್ ಮಾಡೋದು, ರಿಲೇ ಜೋಡಿಸೋದು ಹೇಳಿಕೊಡೋಕೆ ಸೀನಿಯರ್‌ಗಳು ಇದ್ದಾರೆ. ಆ ಟ್ಯಾಂಕಿನೊಳಗೆ ಬಿಡುವ ಪ್ರಾಣಿಯ ಬಗ್ಗೆ, ಬಿಡುವ ಮೊದಲು ಏನು ಓದಿಕೊಳ್ಳಬೇಕು ಅನ್ನೋದನ್ನು ಮಾತ್ರ ಯಾರೂ ಹೇಳಿಕೊಡೋದಿಲ್ಲ. ಈ ಪಾಠ ಅದಕ್ಕೆ. ಸಿಹಿನೀರಿನ ಗಪ್ಪಿ, ಗೋಲ್ಡ್‌ಫಿಶ್ ಬಗ್ಗೆ ಇಲ್ಲಿ ಮಾತಿಲ್ಲ; ಉಪ್ಪುನೀರಿನ, ಹವಳದ ದಿಬ್ಬದ ಜೀವಿಗಳ ಬಗ್ಗೆ ಮಾತ್ರ.

ಉಪ್ಪುನೀರು ಯಾಕೆ ಬೇರೆ ಅನ್ನೋದನ್ನು ಬೇಗ ಹೇಳಿ ಮುಗಿಸೋಣ. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ; ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾದ ವಿಷ ಪಿಎಚ್ ಮೇಲೆ ನಿಂತಿದೆ. ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇಕಡಾ 1ಕ್ಕಿಂತ ಕಡಿಮೆ ಭಾಗ ವಿಷಕಾರಿ ರೂಪದಲ್ಲಿರುತ್ತೆ. ಸಮುದ್ರದ ನೀರಿನ 8.2ರಲ್ಲಿ ಅದು ಹತ್ತು ಪಟ್ಟಿಗೂ ಹೆಚ್ಚು. ಅದರ ಮೇಲೆ 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಸಮುದ್ರದ ನೀರು ಹಿಡಿಯೋದು 6.8ರ ಆಸುಪಾಸು. ಅಂದರೆ ವಿಷ ಜಾಸ್ತಿ, ಉಸಿರು ಕಮ್ಮಿ. ಕರೆಂಟ್ ಹೋಗಿ ಪಂಪು ನಿಂತಾಗ ಇದರ ಅರ್ಥ ಚೆನ್ನಾಗಿ ಗೊತ್ತಾಗುತ್ತೆ. ಬ್ಯಾಟರಿಯ ಏರ್ ಪಂಪು ಒಂದನ್ನು ಮೀನಿಗಿಂತ ಮೊದಲೇ ಕೊಂಡಿಡಿ.

ಮೊದಲು ಹೆಸರು

ಹುಡುಕಾಟ ಶುರುವಾಗೋದು ವೈಜ್ಞಾನಿಕ ಹೆಸರಿನಿಂದ. ಅಂಗಡಿಯವರು "ಕ್ಲೌನ್" ಅಂದರು ಅನ್ಕೊಳ್ಳಿ. ಅದು ಸಿನಿಮಾದ ನೀಮೋ ಥರದ ಆಂಫಿಪ್ರಿಯಾನ್ ಒಸೆಲ್ಲಾರಿಸ್ ಆಗಿದ್ದರೆ ಬೆರಳುದ್ದ ಬೆಳೆದು ಸುಮ್ಮನಿರುತ್ತೆ. ಕ್ಲೌನ್ ಟ್ರಿಗರ್‌ಫಿಶ್, ಅಂದರೆ ಬ್ಯಾಲಿಸ್ಟಾಯ್ಡೆಸ್ ಕಾನ್ಸ್ಪಿಸಿಲ್ಲಮ್ ಆಗಿದ್ದರೆ ಅರ್ಧ ಮೀಟರ್ ತನಕ ಬೆಳೆಯುತ್ತೆ, ಟ್ಯಾಂಕಿನ ಏಡಿ, ಬಸವನಹುಳು, ಸಿಗಡಿ ಎಲ್ಲವನ್ನೂ ಹಲ್ಲಲ್ಲಿ ಪುಡಿ ಮಾಡಿ ತಿನ್ನುತ್ತೆ. ಎರಡೂ ಕ್ಲೌನೇ. ಹಾಗಾಗಿ "ಇದರ ಸೈಂಟಿಫಿಕ್ ಹೆಸರು ಹೇಳಿ, ಬರ್ಕೋತೀನಿ" ಅಂತ ಕೇಳಿ. ಗೊತ್ತಿಲ್ಲ ಅಂದರೆ ಫೋಟೋ ತೆಗೆದುಕೊಂಡು ವಾಪಸ್ ಬನ್ನಿ. ಮೀನು ಎಲ್ಲೂ ಓಡಿಹೋಗಲ್ಲ.

ಹೆಸರು ಸಿಕ್ಕ ಮೇಲೆ ಮೀನಾದರೆ ಫಿಶ್‌ಬೇಸ್ ತೆರೆಯಿರಿ. ಗರಿಷ್ಠ ಉದ್ದ, ವಾಸಿಸುವ ಆಳ, ಆಹಾರ, ಯಾವ ಸಮುದ್ರದ್ದು ಅನ್ನೋದೆಲ್ಲ ಅಲ್ಲಿ ಸಿಗುತ್ತೆ. ಮೀನಲ್ಲದ ಜೀವಿಗಳ ಸರಿಯಾದ ಹೆಸರಿಗೆ ವರ್ಮ್ಸ್ ಅನ್ನೋ ಕಡಲಜೀವಿಗಳ ಪಟ್ಟಿ ಇದೆ. ಅಳಿವಿನಂಚಿನದ್ದಾ ಅಂತ ನೋಡೋಕೆ ಐಯುಸಿಎನ್ ಕೆಂಪು ಪಟ್ಟಿ. ಇಷ್ಟಾದ ಮೇಲೆ ಸಾಕಿದವರ ಅನುಭವ ಓದಿ. ಅದನ್ನು ಓದುವಾಗ ಒಂದು ಎಚ್ಚರ: ಮೊದಲ ತಿಂಗಳ ಫೋಟೋಗೆ ಬೆಲೆ ಕೊಡಬೇಡಿ. ತಂದ ಖುಷಿಯಲ್ಲಿ ಎಲ್ಲರೂ ಫೋಟೋ ಹಾಕ್ತಾರೆ. ಸತ್ತಾಗ ಹಾಕೋರು ಕಡಿಮೆ. ಎರಡನೇ ವರ್ಷದಲ್ಲೂ ಅದೇ ಮೀನು ಯಾರ ಹತ್ತಿರ ಇದೆ, ಅವರ ಟ್ಯಾಂಕು ಎಷ್ಟು ದೊಡ್ಡದು ಅಂತ ಹುಡುಕಿ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಸ್ಯಾಂಪಲ್ ಬಯಾಸ್ ಅಂತ ಬರೆದುಕೊಂಡಿದ್ದೀವಲ್ಲ, ಅದೇ ಇದು.

ಉದ್ದದ ಲೆಕ್ಕ

"ಒಂದು ಗ್ಯಾಲನ್ನಿಗೆ ಒಂದು ಇಂಚು ಮೀನು" ಅನ್ನೋ ನಿಯಮ ಎಲ್ಲಾ ಕಡೆ ಕೇಳಿಬರುತ್ತೆ. ಎಂಜಿನಿಯರಿಂಗ್ ಓದುವವರು ಇದನ್ನು ನಂಬಿದರೆ ನಾಚಿಕೆಗೇಡು. ಉದ್ದ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟಾಗುತ್ತೆ. ಒಂದಿಂಚಿನ ಹತ್ತು ಮೀನುಗಳ ಒಟ್ಟು ಗಾತ್ರ 10 ಅಂತಿಟ್ಟುಕೊಂಡರೆ, ಅದೇ ಆಕಾರದ ಹತ್ತಿಂಚಿನ ಒಂದು ಮೀನಿನ ಗಾತ್ರ 1000. ನಿಯಮದ ಪ್ರಕಾರ ಎರಡೂ ಒಂದೇ! ಮೈಗಾತ್ರಕ್ಕೆ ತಕ್ಕ ಹಾಗೆ ತಿನ್ನೋದು, ಕಸ ಮಾಡೋದು ನೇರವಾಗಿ ನೂರು ಪಟ್ಟು ಏರದೇ ಇರಬಹುದು, ಆದರೆ ಸಮವಂತೂ ಖಂಡಿತ ಅಲ್ಲ.

ಡೋರಿ ಅಂತ ಎಲ್ಲರಿಗೂ ಗೊತ್ತಿರುವ ನೀಲಿ ಟ್ಯಾಂಗ್, ಪ್ಯಾರಕ್ಯಾಂಥುರಸ್ ಹೆಪಾಟಸ್, ಅಂಗಡಿಯಲ್ಲಿ ಎರಡು ಬೆರಳಗಲ ಇರುತ್ತೆ. ಬೆಳೆದಾಗ 30 ಸೆಂಟಿಮೀಟರ್, ಅಂದರೆ ನಮ್ಮ ಸ್ಕೇಲಿನಷ್ಟು. ದಿನವಿಡೀ ಈಜುವ ಜಾತಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಹಾಸ್ಟೆಲ್ ರೂಮಿನಲ್ಲಿ ದೊಡ್ಡದಾಗೇ ಕಾಣುತ್ತೆ. ಅದರಲ್ಲಿ ಸುಮಾರು 190 ಲೀಟರ್ ನೀರು, ಕಲ್ಲು ಹಾಕಿದ ಮೇಲೆ ಇನ್ನೂ ಕಮ್ಮಿ. ಬೆಳೆದ ಟ್ಯಾಂಗ್ ಅಲ್ಲಿ ಮೂರು ಮೈಯುದ್ದ ಹೋಗೋ ಅಷ್ಟರಲ್ಲಿ ಗಾಜು ಸಿಗುತ್ತೆ. ಇಕ್ಕಟ್ಟಿನಲ್ಲಿ ಒತ್ತಡಕ್ಕೆ ಬಿದ್ದ ಟ್ಯಾಂಗಿಗೆ ಬಿಳಿಚುಕ್ಕೆ ರೋಗ ಬೇಗ ಅಂಟುತ್ತೆ. "ಈಗ ಚಿಕ್ಕದಲ್ವಾ, ಆಮೇಲೆ ದೊಡ್ಡ ಟ್ಯಾಂಕ್ ತಗೊಳ್ಳೋಣ" ಅನ್ನೋರಿಗೆ ನಮ್ಮ ಉತ್ತರ: ಆ ದೊಡ್ಡ ಟ್ಯಾಂಕನ್ನೇ ಮೊದಲು ತಗೊಳ್ಳಿ.

ಊಟ: ಇಲ್ಲೇ ಹೆಚ್ಚು ಜೀವ ಹೋಗೋದು

ಸೈಜು ನೋಡಿ ಪಾಸಾದ ಮೀನುಗಳೂ ಇಲ್ಲಿ ಫೇಲಾಗುತ್ತವೆ. ಒಂದೇ ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ.

ಮ್ಯಾಂಡರಿನ್ ಮೀನು, ಸಿಂಕಿರೋಪಸ್ ಸ್ಪ್ಲೆಂಡಿಡಸ್. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ನೀಲಿ ಮೈಮೇಲೆ ಕಿತ್ತಳೆ ಗೆರೆಗಳು. ನಮ್ಮ ಕಡೆಯ ಮದುವೆ ರೇಷ್ಮೆಯೂ ಇಷ್ಟು ಹೊಳೆಯಲ್ಲ. ಯಾರ ತಂಟೆಗೂ ಹೋಗಲ್ಲ, ಹವಳ ಮುಟ್ಟಲ್ಲ. ಉದ್ದ, ಸ್ವಭಾವ ಎರಡನ್ನೇ ನೋಡಿದರೆ ಇದಕ್ಕಿಂತ ಒಳ್ಳೆ ಮೀನೇ ಇಲ್ಲ. ಆದರೆ ಇದರ ಊಟ ಕೋಪೆಪಾಡ್ ಥರದ ಜೀವಂತ ಸಣ್ಣ ಜೀವಿಗಳು, ಕಲ್ಲಿನ ಮೇಲೆ ಹರಿದಾಡುವ, ಬರಿಗಣ್ಣಿಗೆ ಚುಕ್ಕೆಯಷ್ಟೇ ಕಾಣುವ ಪ್ರಾಣಿಗಳು. ಸಮುದ್ರದಿಂದ ಹಿಡಿದು ತಂದ ಮ್ಯಾಂಡರಿನ್‌ಗಳಲ್ಲಿ ಹೆಚ್ಚಿನವು ಒಣ ಆಹಾರವನ್ನು ಆಹಾರ ಅಂತಲೇ ಗುರುತಿಸೋದಿಲ್ಲ.

ಈಗ ಒಂದು ಅಂದಾಜು ಹಾಕೋಣ. ಬೆಳಕಿರುವ 10 ಗಂಟೆ ಹೊತ್ತು, ಹತ್ತು ಸೆಕೆಂಡಿಗೊಮ್ಮೆ ಕಲ್ಲನ್ನು ಕುಕ್ಕುತ್ತೆ ಅಂತಿಟ್ಟುಕೊಂಡರೆ ದಿನಕ್ಕೆ 3600 ಸಲ. ಅರ್ಧ ಸಲ ಏನಾದರೂ ಸಿಕ್ಕರೂ 1800 ಜೀವಿಗಳು. ಟ್ಯಾಂಕಿನಲ್ಲಿರುವ ಕೋಪೆಪಾಡ್ ಸಂಖ್ಯೆ ದಿನಕ್ಕೆ ಶೇಕಡಾ 10ರಷ್ಟು ಬೆಳೆಯುತ್ತೆ ಅಂತ ಧಾರಾಳವಾಗಿ ಒಪ್ಪಿಕೊಳ್ಳೋಣ. ಹಾಗಾದರೆ ಕರಗದೆ ಉಳಿಯೋಕೆ ಯಾವಾಗಲೂ 18,000 ಇರಬೇಕು. ಇದು ಬ್ಯಾಂಕಿನ ಲೆಕ್ಕ: ಬಡ್ಡಿ ತಿಂದರೆ ಅಸಲು ಉಳಿಯುತ್ತೆ. ಹೊಸ ಟ್ಯಾಂಕಿನಲ್ಲಿ ಅಸಲೇ ಇರೋದಿಲ್ಲ. ಮ್ಯಾಂಡರಿನ್ ಮೊದಲ ಕೆಲವು ವಾರ ಅಸಲನ್ನೇ ತಿಂದು ಮುಗಿಸುತ್ತೆ, ಆಮೇಲೂ ಕುಕ್ಕುತ್ತಲೇ ಇರುತ್ತೆ. ನೋಡುವವರಿಗೆ "ಪಾಪ, ದಿನವಿಡೀ ತಿಂತಾನೇ ಇದೆ" ಅನಿಸುತ್ತೆ. ಹೊಟ್ಟೆ ಒಳಕ್ಕೆ ಕುಗ್ಗಿದ್ದು ಕಾಣುವ ಹೊತ್ತಿಗೆ ತಡವಾಗಿರುತ್ತೆ. ಅಂಕಿಗಳು ನಮ್ಮ ಊಹೆ, ನೀವು ಬೇರೆ ಹಾಕಿ ನೋಡಿ. ಸಣ್ಣ ಹೊಸ ಟ್ಯಾಂಕಿಗೆ ಉತ್ತರ ಬದಲಾಗೋದಿಲ್ಲ. ವರ್ಷ ದಾಟಿದ, ಕಲ್ಲು ತುಂಬಿದ ದೊಡ್ಡ ಟ್ಯಾಂಕು ಇರಬೇಕು, ಇಲ್ಲವೇ ಹ್ಯಾಚರಿಯಲ್ಲಿ ಹುಟ್ಟಿ ಸತ್ತ ಆಹಾರ ತಿನ್ನಲು ಕಲಿತ ಮರಿ ಸಿಗಬೇಕು. ಸಿಕ್ಕರೂ ನಿಮ್ಮ ಕಣ್ಣೆದುರಿಗೇ ಅಂಗಡಿಯವರು ತಿನ್ನಿಸಿ ತೋರಿಸಬೇಕು.

ಇದೇ ಕಥೆ ಬೇರೆ ವೇಷದಲ್ಲಿ ಬರುತ್ತೆ. ಮೂರಿಶ್ ಐಡಲ್‌ಗೆ ಸ್ಪಂಜು ಬೇಕು. ಕಿತ್ತಳೆ ಚುಕ್ಕೆಯ ಫೈಲ್‌ಫಿಶ್ ಹವಳದ ಪಾಲಿಪ್‌ಗಳನ್ನೇ ತಿಂದು ಬದುಕುತ್ತೆ. ಕ್ಲೀನರ್ ರಾಸ್ ಅನ್ನೋ ಮೀನು ಬೇರೆ ಮೀನುಗಳ ಮೈಯ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತೆ. ನಾಲ್ಕು ಮೀನಿರುವ ಟ್ಯಾಂಕಿನಲ್ಲಿ ಅದಕ್ಕೆ ಗಿರಾಕಿಗಳೇ ಸಾಲಲ್ಲ. ನೀಲಿ ಲಿಂಕಿಯಾ ನಕ್ಷತ್ರ ಮೀನು ತಿಂಗಳುಗಟ್ಟಲೆ ಸದ್ದಿಲ್ಲದೆ ಉಪವಾಸ ಬಿದ್ದು ಆಮೇಲೆ ಒಮ್ಮೆಗೇ ಕರಗುತ್ತೆ. "ಗಟ್ಟಿ ಜೀವ" ಅಂತ ಮಾರುವ ಕೆಲವು ಪ್ರಾಣಿಗಳು ಗಟ್ಟಿಯಲ್ಲ, ನಿಧಾನ ಅಷ್ಟೇ.

ಜೊತೆಗಾರರು

ಒಂದೊಂದನ್ನೇ ಓದಿದ ಮೇಲೆ ಒಟ್ಟಿಗೆ ಇಟ್ಟು ನೋಡಬೇಕು. ಬಾಯಿಗೆ ಹಿಡಿಸುವ ಯಾವುದನ್ನೂ ಲಯನ್‌ಫಿಶ್ ಬಿಡೋದಿಲ್ಲ. ಡ್ಯಾಮ್ಸೆಲ್ ಮೀನು ಅಗ್ಗ, ಆದರೆ ಮೊದಲು ಬಿಟ್ಟರೆ ಇಡೀ ಟ್ಯಾಂಕು ತನ್ನದು ಅಂತ ಕೂತುಬಿಡುತ್ತೆ. ಜಗಳಗಂಟರನ್ನು ಕೊನೆಗೆ ಬಿಡೋದು ಕ್ರಮ. ಕ್ಲೌನ್‌ಫಿಶ್‌ಗಳೆಲ್ಲ ಗಂಡಾಗೇ ಬೆಳೆದು, ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತೆ. ಹಾಗಾಗಿ ಎರಡು ಮರಿ ತಂದರೆ ಜೋಡಿಯಾಗುತ್ತವೆ, ಮೂರನೆಯದಕ್ಕೆ ಒದೆ. ಅವಕ್ಕೆ ಸೀ ಅನೆಮೊನಿ ಇರಲೇಬೇಕು ಅಂತೇನಿಲ್ಲ. ಅನೆಮೊನಿಗೆ ಜೋರು ಬೆಳಕು, ತಿಂಗಳುಗಟ್ಟಲೆ ಹದಗೊಂಡ ನೀರು ಬೇಕು. ಜಾಗ ಹಿಡಿಸದಿದ್ದರೆ ನಡೆದುಕೊಂಡು ಹೋಗಿ ಪಂಪಿಗೆ ಸಿಕ್ಕಿಹಾಕಿಕೊಳ್ಳುತ್ತೆ.

ಬಿಳಿಚುಕ್ಕೆ ರೋಗಕ್ಕೆ ಹಾಕುವ ತಾಮ್ರದ ಔಷಧ ಸಿಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತೆ. ಅಂದರೆ ಇವು ಇರುವ ಟ್ಯಾಂಕಿನಲ್ಲಿ ಮೀನಿಗೆ ಆ ಚಿಕಿತ್ಸೆ ಕೊಡೋ ಹಾಗಿಲ್ಲ. ಅದಕ್ಕೇ ಹೊಸ ಮೀನಿಗೆ ಬೇರೆ ಚಿಕ್ಕ ಟ್ಯಾಂಕಿನಲ್ಲಿ ಕನಿಷ್ಠ ನಾಲ್ಕು ವಾರ ಕ್ವಾರಂಟೈನ್. ನಿಮ್ಮ ಸುರಕ್ಷತೆಯನ್ನೂ ಓದಿಕೊಳ್ಳಿ. ಬಟನ್ ಪಾಲಿಪ್ ಅಂತ ಮಾರುವ ಪ್ಯಾಲಿಥೋವಾಗಳಲ್ಲಿ ಕೆಲವಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ. ಅವು ಅಂಟಿದ ಕಲ್ಲನ್ನು ಬಿಸಿನೀರಲ್ಲಿ ತೊಳೆಯೋಕೆ, ಬೇಯಿಸೋಕೆ ಹೋಗಿ, ಆ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ಎಲ್ಲಿಂದ ಬಂತು?

ಫಿಲಿಪೀನ್ಸ್, ಇಂಡೋನೇಷ್ಯಾ ಕಡೆ ಹವಳದ ಸಂದಿಗಳಿಗೆ ಸಯನೈಡ್ ದ್ರಾವಣ ಚಿಮ್ಮಿಸಿ, ಮಂಪರು ಬಂದ ಮೀನು ಹಿಡಿಯುವ ಪದ್ಧತಿ ನಿಷೇಧವಿದ್ದರೂ ನಡೆದುಬಂದಿದೆ. ಸುತ್ತಲಿನ ಹವಳ ಸಾಯುತ್ತೆ. ಮೀನು ಅಂಗಡಿ ತನಕ ಬದುಕಿ ಬಂದರೂ ಆಮೇಲೆ ಕಾರಣವೇ ತಿಳಿಯದೆ ಸಾಯಬಹುದು. ನೀಲಿ ಟ್ಯಾಂಗನ್ನು ಫ್ಲೋರಿಡಾ ವಿಶ್ವವಿದ್ಯಾಲಯದವರು ಸೆರೆಯಲ್ಲಿ ಮರಿ ಮಾಡಿ ಬೆಳೆಸಿದ್ದೇ 2016ರಲ್ಲಿ. ಅಲ್ಲಿಯವರೆಗೆ ಮಾರಾಟವಾದ ಡೋರಿಗಳು ಸಮುದ್ರದಿಂದ ಹಿಡಿದು ತಂದವು. ಕ್ಲೌನ್‌ಫಿಶ್ ವಿಷಯದಲ್ಲಿ ನೆಮ್ಮದಿ ಇದೆ: ನಮ್ಮ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಹಲವು ಜಾತಿಯ ಕ್ಲೌನ್‌ಗಳನ್ನು ಹ್ಯಾಚರಿಯಲ್ಲಿ ಬೆಳೆಸುವ ವಿಧಾನ ರೂಪಿಸಿದೆ. "ಹ್ಯಾಚರಿಯದಾ, ಹಿಡಿದದ್ದಾ?" ಅಂತ ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ.

ಇನ್ನು ಕಾನೂನು. ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಸಮುದ್ರ ಕುದುರೆ, ಸಮುದ್ರ ಸೌತೆಗಳಿಗೂ ಕಾಯ್ದೆಯ ರಕ್ಷಣೆ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡೋಕೆ ಹೋದವರು ಅಲ್ಲಿನ ಹವಳದ ಒಂದು ಚೂರನ್ನು "ನೆನಪಿಗೆ" ತಂದರೂ ಅದು ಅಪರಾಧ. ಅಂಗಡಿಯ ಗಾಜಿನ ಹಿಂದೆ ಇದೆ ಅನ್ನೋದೊಂದೇ ಕಾರಣಕ್ಕೆ ಯಾವುದೂ ಕಾನೂನುಬದ್ಧ ಆಗೋದಿಲ್ಲ. ಕಾಗದ ಕೇಳಿ, ತೋರಿಸದಿದ್ದರೆ ಬಿಡಿ. ಮೊದಲ ಟ್ಯಾಂಕಿಗೆ ನಮ್ಮ ಸಲಹೆ ಸೆರಾಮಿಕ್ ಕಲ್ಲು, ಹ್ಯಾಚರಿಯ ಕ್ಲೌನ್ ಜೋಡಿ, ಒಂದಷ್ಟು ಬಸವನಹುಳು. ಇದನ್ನು ವರ್ಷವಿಡೀ ಚೆನ್ನಾಗಿಟ್ಟುಕೊಳ್ಳೋದೇ ಸಾಕಷ್ಟು ಕೆಲಸ.

ಕೊನೆಯ ಪ್ರಶ್ನೆ ಆಯಸ್ಸಿನದ್ದು. ಕ್ಲೌನ್‌ಫಿಶ್ ಸಾಕಣೆಯಲ್ಲಿ ಇಪ್ಪತ್ತು ವರ್ಷ ದಾಟಿದ ಉದಾಹರಣೆಗಳಿವೆ. ನಮ್ಮ ಕೋರ್ಸು ನಾಲ್ಕು ವರ್ಷ. ಪ್ಲೇಸ್‌ಮೆಂಟ್ ಆಗಿ ಊರು ಬಿಡುವಾಗ "ಸಮುದ್ರಕ್ಕೆ ಬಿಟ್ಟುಬಿಡೋಣ" ಅನ್ನೋದು ಉತ್ತರ ಅಲ್ಲ. ನಮ್ಮ ಕಡೆಯ ಸಾಗರಗಳ ಲಯನ್‌ಫಿಶ್ 1985ರಲ್ಲಿ ಮೊದಲ ಸಲ ಫ್ಲೋರಿಡಾದ ಕರಾವಳಿಯಲ್ಲಿ ಕಂಡಿತು. ಅಕ್ವೇರಿಯಂನಿಂದ ಬಿಟ್ಟ ಮೀನುಗಳಿಂದಲೇ ಅದು ಶುರುವಾಗಿರಬೇಕು ಅನ್ನೋದು ವಿಜ್ಞಾನಿಗಳ ಅಭಿಪ್ರಾಯ. ಇವತ್ತು ಕೆರಿಬಿಯನ್ ಸಮುದ್ರದ ಉದ್ದಗಲಕ್ಕೂ ಹರಡಿ ಅಲ್ಲಿನ ಮರಿ ಮೀನುಗಳನ್ನು ತಿಂದು ಮುಗಿಸುತ್ತಿದೆ. ಟ್ಯಾಂಕು ವಹಿಸಿಕೊಳ್ಳುವವರ ಹೆಸರನ್ನು ಮೀನು ತರುವ ದಿನವೇ ಡೇಟಾಶೀಟಿನ ಕೆಳಗೆ ಬರೆದಿಡಿ. ಅವರು ನಿಜವಾಗಿ ಬರ್ತಾರಾ ಅಂತ ಏಳನೇ ಸೆಮಿಸ್ಟರಿನಲ್ಲೇ ಇನ್ನೊಮ್ಮೆ ಕೇಳಿಕೊಳ್ಳಿ. ಎಂಟನೆಯದರಲ್ಲಿ ಯಾರಿಗೂ ಪುರುಸೊತ್ತು ಇರೋದಿಲ್ಲ.