ಎಣ್ಮಕಜೆ: ಒಂದು ಗಡಿಪಂಚಾಯತಿನ ನೆಲ ಮತ್ತು ನುಡಿಗಣನೆ

ಕಾಸರಗೋಡು ಜಿಲ್ಲೆಯ ಕರ್ನಾಟಕದಂಚಿನಲ್ಲಿರುವ ಎಣ್ಮಕಜೆ ಗ್ರಾಮಪಂಚಾಯತಿನಲ್ಲಿ ಎಣ್ಮಕಜೆ, ಪಡ್ರೆ, ಶೇಣಿ, ಕಾಟುಕುಕ್ಕೆ ಎಂಬ ನಾಲ್ಕು ಗ್ರಾಮಗಳಿವೆ. ಪೆರ್ಲ ಇದರ ಮುಖ್ಯ ಪೇಟೆ. ಕಲ್ಲಡ್ಕದಿಂದ ವಿಟ್ಲ, ಅಡ್ಯನಡ್ಕಗಳ ಮೂಲಕ ಚೆರ್ಕಳಕ್ಕೆ ಸಾಗುವ ರಸ್ತೆಯು ಸಾರಡ್ಕದಲ್ಲಿ ಕರ್ನಾಟಕವನ್ನು ಬಿಟ್ಟು ಅಡ್ಕಸ್ಥಳದಲ್ಲಿ ಕೇರಳವನ್ನು ಸೇರುತ್ತದೆ. ಗಡಿಯಾಚೆ ಇರುವುದು ಬಂಟ್ವಾಳ ಮತ್ತು ಪುತ್ತೂರು ತಾಲೂಕುಗಳು. 1956ರ ನವೆಂಬರ್ 1ಕ್ಕಿಂತ ಮೊದಲು ಎರಡೂ ಬದಿಗಳು ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯಲ್ಲಿದ್ದವು. ಅನಂತರ ಈ ಭಾಗವು ಕೇರಳಕ್ಕೆ ಸೇರಿತು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ಮಂಜೇಶ್ವರ ತಾಲೂಕು ರಚನೆಯಾಯಿತು. ಆಡಳಿತದ ಹೆಸರುಗಳು ಹೀಗೆ ಬದಲಾದರೂ ಪುತ್ತೂರಿನ ಅಡಿಕೆ ಮಾರುಕಟ್ಟೆ, ಮಂಗಳೂರಿನ ಆಸ್ಪತ್ರೆಗಳೊಡನೆ ಇಲ್ಲಿಯವರ ನಂಟು ಕಡಿದಿಲ್ಲ. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣದಿಂದ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ನಂಟು ಎಷ್ಟು ಅನಿವಾರ್ಯವೆಂಬುದು ಎಲ್ಲರಿಗೂ ತಿಳಿಯಿತು.

ಇಲ್ಲಿಯ ಜನವಸತಿಯನ್ನು ಅರಿಯಲು ನೆಲದ ರಚನೆಯನ್ನು ಮೊದಲು ನೋಡಬೇಕು. ಮುರಕಲ್ಲಿನ ಗುಡ್ಡಗಳು, ಅವುಗಳ ನೆತ್ತಿಯಲ್ಲಿ ಬಯಲಾದ ಪದವುಗಳು, ನಡುನಡುವೆ ಇಕ್ಕಟ್ಟಾದ ಕಣಿವೆಗಳು. ಅಡ್ಕ, ಪದವು, ಮೂಲೆ ಮುಂತಾದ ಸ್ಥಳನಾಮ ಘಟಕಗಳು ಈ ಭೂರೂಪಗಳ ಹೆಸರುಗಳೇ. ಗದ್ದೆಗೂ ಅದರ ಎತ್ತರ ಹಾಗೂ ನೀರಿನ ಆಸರೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂಬ ಹೆಸರುಗಳಿವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ ಮುರಕಲ್ಲು ನೀರನ್ನು ಮೇಲ್ಗಡೆ ನಿಲ್ಲಗೊಡುವುದಿಲ್ಲ. ಆದುದರಿಂದಲೇ ಗುಡ್ಡದ ಬದಿಯನ್ನು ಅಡ್ಡಲಾಗಿ, ಆಳು ನಿಂತು ನಡೆಯುವಷ್ಟು ಎತ್ತರಕ್ಕೆ ಕೊರೆದು ನೀರನ್ನು ಹೊರತರುವ ಸುರಂಗಗಳು ಇಲ್ಲಿ ಬಂದವು. ಸುರಂಗದ ನೀರು ಒಂದು ಮನೆಗೆ, ಒಂದು ತೋಟಕ್ಕೆ ಸಾಕು, ಊರಿಗೆ ಸಾಲದು. ಮನೆಗಳು ಒತ್ತೊತ್ತಾಗಿ ನಿಲ್ಲದೆ ಕಣಿವೆಗೊಂದರಂತೆ ಹಂಚಿಹೋಗಿರುವುದಕ್ಕೆ ಇದೂ ಒಂದು ಕಾರಣ. ಬಯಲುಸೀಮೆಯ ಕೇರಿಕಟ್ಟಿನ ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವ ಸಂಶೋಧಕನಿಗೆ ಇಲ್ಲಿ 'ಊರು' ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ.

ಇದೇ ಭೂರಚನೆ ದುರಂತವೊಂದಕ್ಕೂ ದಾರಿಯಾಯಿತು. ಗುಡ್ಡದ ಮೇಲಿನ ಸರಕಾರಿ ಗೇರುತೋಟಗಳಿಗೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೆಳಗಿನ ತೋಡು, ಸುರಂಗಗಳ ಆಶ್ರಯದಲ್ಲಿದ್ದ ಮನೆಗಳ ಮೇಲೆರಗಿತು. ಪಡ್ರೆಯ ಹೆಸರು ದೇಶಕ್ಕೆ ಪರಿಚಯವಾದದ್ದು ಹೀಗೆ.

ಹಂಚಿಹೋದ ಈ ಮನೆಗಳಲ್ಲಿ ನುಡಿಯೂ ಹಂಚಿಹೋಗಿದೆ. ತುಳು, ಹವ್ಯಕ ಕನ್ನಡ, ಮಲಯಾಳಂ, ಮರಾಟಿ, ಕರಾಡಿ, ಕೊಂಕಣಿ, ಬ್ಯಾರಿ ಇವೆಲ್ಲವೂ ಮನೆಮಾತುಗಳು. ಒಂದು ಗುಡ್ಡ ದಾಟಿದರೆ ಜಗಲಿಯ ಮಾತು ಬೇರೆ. ಇವರಲ್ಲಿ ಬಹುಮಂದಿಗೆ ಶಾಲೆಯ, ಪತ್ರದ, ಲೆಕ್ಕಪುಸ್ತಕದ, ತಾಳಮದ್ದಳೆಯ ಭಾಷೆ ಕನ್ನಡವೇ ಆಗಿತ್ತು. ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರಿನೊಡನೆ ಈ ಪಂಚಾಯತಿನ ಗ್ರಾಮವೊಂದು ಸೇರಿಕೊಂಡಿದೆ. ಅವರಂಥವರ ಅರ್ಥಗಾರಿಕೆಯನ್ನು ರಾತ್ರಿಯಿಡೀ ಕೇಳಿದ ಸಭೆಯಲ್ಲಿ ತುಳುವನ್ನೋ ಮರಾಟಿಯನ್ನೋ ಮನೆಮಾತಾಗಿ ಉಳ್ಳವರು ಎಷ್ಟೋ ಮಂದಿ. ಅವರ ಕನ್ನಡವನ್ನು ಎಣಿಸಿದವರು ಯಾರು?

ಗಡಿನಿರ್ಣಯದ ಚರ್ಚೆಯಲ್ಲಿ ಎಣಿಕೆಗೆ ಸಿಕ್ಕಿದ್ದು ಮುಖ್ಯವಾಗಿ ತಾಯ್ನುಡಿ. 1955ರಲ್ಲಿ ವರದಿ ನೀಡಿದ ಫಜಲ್ ಅಲಿ ಆಯೋಗವು ತಾಲೂಕನ್ನು ಇಡಿಯಾಗಿ ನೋಡಿ, ಮಲಯಾಳಂ ಬಹುಸಂಖ್ಯೆಯ ಆಧಾರದಿಂದ ಕಾಸರಗೋಡನ್ನು ಕೇರಳಕ್ಕೆ ಸೂಚಿಸಿತು. 1967ರ ಮಹಾಜನ ವರದಿಯು ಚಂದ್ರಗಿರಿ ಹೊಳೆಯ ಉತ್ತರಭಾಗವನ್ನು ಮೈಸೂರಿಗೆ ಸೇರಿಸಬೇಕೆಂದಿತು, ಅದು ಜಾರಿಯಾಗಲಿಲ್ಲ. ಒಂದೇ ನೆಲಕ್ಕೆ ಎರಡು ತೀರ್ಮಾನಗಳು ಸಾಧ್ಯವಾದದ್ದು ಘಟಕದ ಆಯ್ಕೆಯಿಂದ. ತಾಲೂಕನ್ನು ಎಣಿಸಿದರೆ ಒಂದು ಚಿತ್ರ, ಹೊಳೆಯ ಉತ್ತರವನ್ನು ಮಾತ್ರ ಎಣಿಸಿದರೆ ಇನ್ನೊಂದು. ತುಳುವರನ್ನು ಯಾರೊಡನೆ ಕೂಡಿಸುವುದು ಎಂಬುದನ್ನವಲಂಬಿಸಿ ಮೂರನೆಯದು.

2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಶೇಕಡಾ 4ರ ಆಸುಪಾಸು. ತುಳುವನ್ನು ಬರೆಸಿದವರು ಅದರ ಸುಮಾರು ಇಮ್ಮಡಿ. ಈ 4ನ್ನು ಹಿಡಿದು 'ಕನ್ನಡ ಅಳಿಯಿತು' ಎಂದು ಪರಿತಪಿಸುವ ಲೇಖನಗಳು ನಮ್ಮಲ್ಲಿ ಸಾಕಷ್ಟಿವೆ. 'ಕನ್ನಡದ ಶಾಲೆ ಏಕೆ' ಎಂದು ಕೇಳುವವರಿಗೂ ಅದೇ ಅಂಕಿ ಆಧಾರ. ಎರಡೂ ಕಡೆಯವರು ಜಿಲ್ಲೆಯ ಸರಾಸರಿಯನ್ನು ಗಡಿಯ ಪಂಚಾಯತಿನ ಮೇಲೆ ಹೊರಿಸುತ್ತಿದ್ದಾರೆಂದು ನನಗೆ ತೋರುತ್ತದೆ. ಗಣತಿದಾರರು ತಾಯ್ನುಡಿಯಲ್ಲದೆ ವ್ಯಕ್ತಿಗೆ ಗೊತ್ತಿರುವ ಇನ್ನೆರಡು ಭಾಷೆಗಳನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಆದರೆ ಆ ದ್ವಿಭಾಷಿಕತೆಯ ಕೋಷ್ಟಕಗಳು ರಾಜ್ಯಮಟ್ಟದಲ್ಲಿ ನಿಂತುಬಿಡುತ್ತವೆ. ತಾಯ್ನುಡಿಯ ಕೋಷ್ಟಕಗಳೂ ಗ್ರಾಮದವರೆಗೆ ಇಳಿಯುವುದಿಲ್ಲ. ಎಣ್ಮಕಜೆಯ ಕನ್ನಡ ಹೀಗೆ ಎರಡು ಜರಡಿಗಳಲ್ಲಿಯೂ ಸೋರಿಹೋಗುತ್ತದೆ.

ನಮ್ಮ ವಿಭಾಗಗಳಿಗೆ ಇಲ್ಲಿ ಕೆಲಸವಿದೆ. ಪಂಚಾಯತಿನ ಒಂದೊಂದು ವಾರ್ಡಿನಲ್ಲಿ ಮನೆಮಾತು ಯಾವುದು, ಮಗು ಓದುವ ಮಾಧ್ಯಮ ಯಾವುದು, ಹಿರಿಯರು ಓದುವ ಪತ್ರಿಕೆ ಯಾವುದು, ಪಂಚಾಯತು ಕಚೇರಿಗೆ ಅರ್ಜಿ ಬರೆಯುವುದು ಯಾವ ಲಿಪಿಯಲ್ಲಿ, ಬಂದ ಉತ್ತರವನ್ನು ಯಾರಿಂದ ಓದಿಸಿಕೊಳ್ಳುತ್ತಾರೆ ಎಂಬುದನ್ನು ಮೂರು ತಲೆಮಾರುಗಳಿಂದ ಬೇರೆಬೇರೆಯಾಗಿ ಕೇಳಬೇಕು. ಕೊನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಒಳ್ಳೆಯದು.